ಸೈಕಲ್‌ಗೆ ಕಾರು ಗುದ್ದಿ ಬಲಗೈ ಮುರಿದಿದೆ, 23 ದಿನ ಆಯಿತು. ಈಗ ಪರಿಹಾರ ಕೇಳಬಹುದಾ?

ಟೈಲರ್ ಅಂಗಡಿ
ಎಲ್ಲರಿಗೂ ನಮಸ್ಕಾರ. ಎಡಗೈಯ ಒಂದೇ ಬೆರಳಲ್ಲಿ ಒತ್ತುತ್ತಾ ಇದ್ದೇನೆ, ತಪ್ಪಿದ್ದರೆ ನೀವೇ ಸರಿಮಾಡಿಕೊಂಡು ಓದಿ.

ಕುಶಾಲನಗರ–ಮಡಿಕೇರಿ ರಸ್ತೆ ಬದಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಮನೆಯಿಂದ ನಾಲ್ಕು ಕಿಲೋಮೀಟರ್. ಹದಿನೆಂಟು ವರ್ಷದಿಂದ ಸೈಕಲ್‌ನಲ್ಲೇ ಹೋಗಿ ಬರುತ್ತೇನೆ. ಜೂನ್ ಮೊದಲ ಭಾನುವಾರ, ಶಾಲೆ ಶುರುವಾಗಿದೆ, ಯೂನಿಫಾರಂ ರಾಶಿ ಬಿದ್ದಿದೆ ಅಂತ ರಜೆ ಮಾಡದೆ ಹೊರಟೆ. ಬೆಳಿಗ್ಗೆ ಎಂಟೂಕಾಲು. ಸಣ್ಣ ಜಿನುಗು ಮಳೆ. ತಿರುವಿನಲ್ಲಿ ಎದುರಿಂದ ಬಸ್ಸು ಇಳಿದು ಬರ್ತಾ ಇತ್ತು, ಅದನ್ನು ಓವರ್‌ಟೇಕ್ ಮಾಡಿಕೊಂಡು ಒಂದು ಕಾರು ನನ್ನ ಸೈಡಿಗೇ ಬಂತು. ನಾನು ಸೈಕಲ್ ಮಣ್ಣಿಗೆ ಇಳಿಸಿದೆ. ಆದರೂ ಕಾರಿನ ಕನ್ನಡಿ ಹ್ಯಾಂಡಲ್‌ಗೆ ಬಡಿಯಿತು. ಬಲಗೈ ಊರಿ ಬಿದ್ದೆ. ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿದೆ, ಪ್ಲೇಟ್ ಹಾಕಿದ್ದಾರೆ. ಕಾಲರ್ ಬೋನ್ ಕೂಡ ಬಿರುಕು ಬಿಟ್ಟಿದೆ.

ಕಾರಿನವರು ಬೆಂಗಳೂರಿನ ಹುಡುಗರು, ಟೂರ್ ಮುಗಿಸಿ ವಾಪಸ್ ಹೋಗ್ತಾ ಇದ್ದರು. ಸುಳ್ಳು ಹೇಳಬಾರದು, ಓಡಿ ಹೋಗಲಿಲ್ಲ. ಅವರೇ ಕಾರಿಗೆ ಹತ್ತಿಸಿಕೊಂಡು ಹತ್ತಿರದ ಕ್ಲಿನಿಕ್‌ನಲ್ಲಿ ಕಟ್ಟು ಹಾಕಿಸಿದರು. ಆಮೇಲೆ ನನ್ನನ್ನೂ ಹೆಂಡತಿಯನ್ನೂ ಮೈಸೂರಿನ ಒಂದು ಆಸ್ಪತ್ರೆಗೆ ಬಿಟ್ಟರು. ಕಾರು ಓಡಿಸ್ತಾ ಇದ್ದ ಹುಡುಗ 'ಕೇಸು ಗೀಸು ಬೇಡ ಅಣ್ಣ, ಆಪರೇಷನ್ ಖರ್ಚು ಪೂರ್ತಿ ನಾನೇ ಕೊಡ್ತೀನಿ' ಅಂದ. ಅಲ್ಲೇ ಹೆಂಡತಿಗೆ ಫೋನ್‌ಪೇ ಮಾಡಿ ಹತ್ತು ಸಾವಿರ ಹಾಕಿದ. ಬಿಲ್ಲು ಬಂದಿದ್ದು 1,12,000. ಎರಡನೇ ವಾರದಿಂದ ಫೋನ್ ಎತ್ತುತ್ತಾ ಇಲ್ಲ. ಹೆಂಡತಿಯ ಸರ ಸೊಸೈಟಿಯಲ್ಲಿ ಇಟ್ಟಿದ್ದೇವೆ.

ಪೊಲೀಸ್ ಕಂಪ್ಲೇಂಟ್ ಕೊಟ್ಟಿಲ್ಲ. ಪಕ್ಕದ ಅಂಗಡಿಯವರು 'ಸೈಕಲ್‌ಗೆ ಇನ್ಶೂರೆನ್ಸ್ ಇಲ್ಲ, ನೀನು ಹೆಲ್ಮೆಟ್ ಹಾಕಿರಲಿಲ್ಲ, ಏನೂ ಸಿಗಲ್ಲ' ಅಂತಾರೆ. ನಿಜವಾ?

ಕರಿಮೆಣಸು ಬಳ್ಳಿ
ಕಾರಿನ ನಂಬರ್ ಇದೆಯಾ? ಅದು ಹೇಳಿ ಮೊದಲು.

ಟೈಲರ್ ಅಂಗಡಿ
ಇದೆ. ಆ ಬಸ್ಸಿನ ಕಂಡಕ್ಟರ್ ಇಳಿದು ಬಂದು ಟಿಕೆಟ್ ಹಿಂದೆ ಬರೆದು ನನ್ನ ಶರ್ಟ್ ಜೇಬಿಗೆ ಹಾಕಿದ್ದರು. ರಕ್ತ ತಾಗಿ ಅರ್ಧ ಅಳಿಸಿದೆ, ಆದರೆ ಓದಬಹುದು. ಕೆಎ 05 ಗಾಡಿ.

ಪೆಡಲ್ ಪೊನ್ನಂಪೇಟೆ
ಆ ಕಂಡಕ್ಟರ್‌ಗೆ ಒಂದು ಕಾಫಿ ಕುಡಿಸಿ ಅಣ್ಣ. ನಂಬರ್ ಒಂದು ಇದ್ದರೆ ಅರ್ಧ ಕೆಲಸ ಆದ ಹಾಗೆ. ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ, ಇನ್ಶೂರೆನ್ಸ್ ಯಾವ ಕಂಪನಿ, ಯಾವ ದಿನದ ತನಕ ಇದೆ, ಬರುತ್ತೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಪಕ್ಕದ ಅಂಗಡಿಯವರು ಹೇಳಿದ್ದು ಎರಡೂ ತಪ್ಪು. ಸೈಕಲ್‌ಗೆ ಇನ್ಶೂರೆನ್ಸ್ ಬೇಕಿಲ್ಲ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರಬೇಕಾದ್ದು ಕಾರಿಗೆ, ಆ ಥರ್ಡ್ ಪಾರ್ಟಿ ಅಂದರೆ ನೀವೇ! ಹೆಲ್ಮೆಟ್ ಕಾನೂನು ಮೋಟಾರ್ ಸೈಕಲ್‌ಗೆ, ತುಳಿಯೋ ಸೈಕಲ್‌ಗೆ ಅಲ್ಲ. ಮತ್ತೆ ಮುರಿದಿದ್ದು ಕೈ, ಹೆಲ್ಮೆಟ್ ಹಾಕಿದ್ದರೆ ಕೈ ಉಳೀತಿತ್ತಾ?

ಜೀಪ್ ಸ್ಟ್ಯಾಂಡ್
ನಾನು ಡ್ರೈವರ್. ಬೈಯಬೇಡಿ, ಒಂದು ಮಾತು. ಜೂನ್ ತಿಂಗಳ ಜಿನುಗು ಮಳೆಯಲ್ಲಿ ಸೈಕಲ್‌ನವರು ಲೈಟೂ ಇಲ್ಲ, ಹಿಂದೆ ರಿಫ್ಲೆಕ್ಟರೂ ಇಲ್ಲ, ಮೇಲೆ ಕಪ್ಪು ರೈನ್‌ಕೋಟ್. ಹತ್ತಿರ ಬರೋ ತನಕ ಕಾಣಲ್ಲ ಮಾರಾಯ್ರೆ. ಎಲ್ಲದಕ್ಕೂ ಡ್ರೈವರ್‌ದೇ ತಪ್ಪು ಅಂದರೆ ಹೇಗೆ?

ಪೆಡಲ್ ಪೊನ್ನಂಪೇಟೆ
@ಜೀಪ್ ಸ್ಟ್ಯಾಂಡ್ ತಿರುವಿನಲ್ಲಿ ಬಸ್ಸನ್ನು ಓವರ್‌ಟೇಕ್ ಮಾಡಿದ್ದು ಯಾರು? ಸೈಕಲ್ಲಾ?

ಜೀಪ್ ಸ್ಟ್ಯಾಂಡ್
ಅದು ತಪ್ಪೇ. ನಾನು ಇಲ್ಲ ಅಂದೆನಾ. ಲೈಟ್ ಹಾಕಿ ಅಂದೆ ಅಷ್ಟೆ.

ಟೈಲರ್ ಅಂಗಡಿ
ಡೈನಮೋ ಲೈಟ್ ಇದೆ ಸರ್, ಹಿಂದೆ ಕೆಂಪು ರಿಫ್ಲೆಕ್ಟರ್ ಕೂಡ. ರೈನ್‌ಕೋಟ್ ಮಾತ್ರ ಕಪ್ಪೇ.

ಹಳೇ ಕಾಫಿ ಗಿಡ
ತಮ್ಮಾ, ಅನುಭವದಿಂದ ಹೇಳ್ತೇನೆ, ಕೋರ್ಟು ಕಚೇರಿ ಅಂತ ಹೋಗಬೇಡ. ನನ್ನ ಭಾವನ ಕೇಸು ಆರು ವರ್ಷ ಎಳೆಯಿತು. ಹುಡುಗ ಒಳ್ಳೆಯವನು ಅಂತೀಯ, ಆಸ್ಪತ್ರೆಗೆ ಸೇರಿಸಿದ್ದಾನೆ. ಯಾರಾದರೂ ದೊಡ್ಡವರ ಕೈಲಿ ಫೋನ್ ಮಾಡಿಸಿ ಇನ್ನೊಂದು ನಲವತ್ತು ಐವತ್ತು ಸಾವಿರ ತಗೊಂಡು ಮುಗಿಸು. ಅವನಿಗೂ ಸಂಸಾರ ಇರುತ್ತೆ.

ಕಕ್ಕಬ್ಬೆ ಜೇನು
ಅಂಕಲ್, ಅವನ ಸಂಸಾರ ಸರಿ, ಇವರ ಹೆಂಡತಿಯ ಸರ ಸೊಸೈಟಿಯಲ್ಲಿ ಇದೆಯಲ್ಲ? ಟೈಲರ್‌ಗೆ ಬಲಗೈ ಅಂದರೆ ಅಂಗಡಿಯೇ. ನಲವತ್ತು ಸಾವಿರಕ್ಕೆ ಮುಗಿಸಿ ಅಂತ ಹೇಳೋದು ಸುಲಭ.

ಬೆಂಚ್ ಕ್ಲರ್ಕ್ (ನಿವೃತ್ತ)
ಕೋರ್ಟಿನಲ್ಲಿ ಮೂವತ್ತು ವರ್ಷ ಫೈಲು ಕಟ್ಟಿದವನು ನಾನು. ವಕೀಲ ಅಲ್ಲ. ಆದರೆ ಎಂವಿಸಿ ಫೈಲು, ಅಂದರೆ ವಾಹನ ಅಪಘಾತದ ಪರಿಹಾರದ ಕೇಸು, ಎಷ್ಟು ನೋಡಿದ್ದೇನೆ ಅಂದರೆ ಲೆಕ್ಕ ಇಲ್ಲ. ಕಾಫಿ ತಂದಿಟ್ಟುಕೊಂಡು ನಿಧಾನಕ್ಕೆ ಓದಿ.

ಹುಡುಗ ಒಳ್ಳೆಯವನಾ ಕೆಟ್ಟವನಾ ಅನ್ನೋದನ್ನು ಪಕ್ಕಕ್ಕಿಡಿ. ನೀವು ಹಣ ಕೇಳೋದು ಅವನ ಜೇಬಿಂದ ಅಲ್ಲ. ಕಾರಿನ ಓನರ್ ಮೇಲೂ ಇನ್ಶೂರೆನ್ಸ್ ಕಂಪನಿ ಮೇಲೂ ಹಾಕ್ತೀರಿ, ಪಾಲಿಸಿ ಚಾಲ್ತಿಯಲ್ಲಿದ್ದರೆ ಕೊಡೋದು ಕಂಪನಿ. ಆ ಹುಡುಗ ಹೆದರಿರೋದು ಬೆಂಗಳೂರಿಂದ ಇಲ್ಲಿಗೆ ಕೋರ್ಟಿಗೆ ಅಲೆಯಬೇಕಲ್ಲ ಅಂತ. ಇದು ಮೋಟಾರು ವಾಹನ ಕಾಯ್ದೆ 166ನೇ ಸೆಕ್ಷನ್ ಅರ್ಜಿ, ಕ್ಲೇಮ್ಸ್ ಟ್ರಿಬ್ಯುನಲ್‌ಗೆ, ಅಂದರೆ ಅಪಘಾತದ ಪರಿಹಾರ ತೀರ್ಮಾನ ಮಾಡೋ ಕೋರ್ಟಿಗೆ, ಹಾಕೋದು. ಅಪಘಾತ ಆದ ಜಾಗದ ಕೋರ್ಟ್ ಆಗಬಹುದು, ನೀವು ವಾಸ ಇರೋ ಜಾಗದ್ದೂ ಆಗಬಹುದು. ಬೆಂಗಳೂರಿಗೆ ಹೋಗೋ ಅಗತ್ಯ ನಿಮಗಿಲ್ಲ.

ಗಡುವು ಆರು ತಿಂಗಳು. ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಮೊದಲು ಗಡುವೇ ಇರಲಿಲ್ಲ. 2019ರ ತಿದ್ದುಪಡಿಯಲ್ಲಿ ತಂದರು, 2022ರ ಏಪ್ರಿಲ್ 1ರಿಂದ ಜಾರಿ. 'ಮೂಳೆ ಪೂರ್ತಿ ಕೂಡಲಿ, ಆಮೇಲೆ ನೋಡೋಣ' ಅಂತ ಕೂತವರು ಎಷ್ಟೋ ಜನ ಇದರಲ್ಲಿ ಸಿಕ್ಕಿಕೊಂಡರು.

ಈಗ ನಿಮ್ಮ ಕೇಸಿನ ಜೀವ ಇರೋ ಜಾಗಕ್ಕೆ ಬರ್ತೇನೆ. ಆಸ್ಪತ್ರೆಯ ಮೊದಲ ಕಾಗದ. 'ಏನಾಯ್ತು?' ಅಂತ ಡಾಕ್ಟರ್ ಕೇಳಿದಾಗ ಯಾರು ಏನು ಹೇಳಿದರು, ಕೇಸ್ ಶೀಟ್‌ನಲ್ಲಿ ಏನು ಬರೆದರು? ಇನ್ಶೂರೆನ್ಸ್ ವಕೀಲ ಮೊದಲು ತಿರುಗಿಸೋದು ಆ ಹಾಳೆಯನ್ನೇ. ಎಕ್ಸ್‌ರೇ ಆಮೇಲೆ. ನಿಮ್ಮ ಡಿಸ್ಚಾರ್ಜ್ ಸಮ್ಮರಿ ತೆಗೆದು 'ಹಿಸ್ಟರಿ' ಅಂತ ಇರೋ ಸಾಲು ಓದಿ, ಇಲ್ಲಿ ಹಾಕಿ.

ಕರಿಮೆಣಸು ಬಳ್ಳಿ
ಸರ್ ನೀವು ಇಷ್ಟು ದಿನ ಎಲ್ಲಿದ್ದಿರಿ 🙏

ಟೈಲರ್ ಅಂಗಡಿ
ಮಗಳ ಹತ್ತಿರ ಓದಿಸಿದೆ. 'ಅಲೆಜ್ಡ್ ಹಿಸ್ಟರಿ ಆಫ್ ಸೆಲ್ಫ್ ಫಾಲ್ ಫ್ರಮ್ ಬೈಸಿಕಲ್' ಅಂತ ಇದೆ. ಸೈಕಲ್‌ನಿಂದ ತಾನೇ ಬಿದ್ದಿದ್ದು ಅಂತ ಅರ್ಥವಂತೆ.

ನಾನು ಹೀಗೆ ಹೇಳೇ ಇಲ್ಲ. ನೋವಿಗೆ ನನಗೆ ಮಾತೇ ಬರ್ತಾ ಇರಲಿಲ್ಲ. ಹೆಂಡತಿ ಬಿಲ್ ಕೌಂಟರ್ ಹತ್ತಿರ ಇದ್ದಳು. ಒಳಗೆ ನನ್ನ ಜೊತೆ ಇದ್ದಿದ್ದು ಆ ಹುಡುಗ. ಡಾಕ್ಟರ್ ಕೇಳಿದಾಗ ಅವನೇ ಉತ್ತರ ಕೊಟ್ಟ. 'ಸೈಕಲ್‌ನಿಂದ ಬಿದ್ದರು' ಅಂದಿದ್ದು ಈಗ ನೆನಪಾಗ್ತಾ ಇದೆ. ಆವಾಗ ನನಗೆ ಅದರಲ್ಲಿ ಏನೂ ಅನ್ನಿಸಲಿಲ್ಲ. ಬಿದ್ದಿದ್ದು ಹೌದಲ್ವಾ.

ಕಕ್ಕಬ್ಬೆ ಜೇನು
ಒಳ್ಳೆಯ ಹುಡುಗ ಅಂದರಲ್ಲ ಹಳೇ ಕಾಫಿ ಅಂಕಲ್, ನೋಡಿ.

ಹಳೇ ಕಾಫಿ ಗಿಡ
ಗಾಬರಿಗೆ ಹೇಳಿರಬಹುದು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗರು. ಆದರೂ ತಪ್ಪೇ, ಒಪ್ಪಿದೆ.

ಜೀಪ್ ಸ್ಟ್ಯಾಂಡ್
ಡ್ರೈವರ್ ಪರ ಮಾತಾಡಿದವನು ನಾನೇ, ಇದಕ್ಕೆ ಮಾತ್ರ ನನ್ನ ಸಪೋರ್ಟ್ ಇಲ್ಲ. ಗುದ್ದಿದೀಯ, ಗುದ್ದಿದೆ ಅಂತ ಹೇಳು. ಥರ್ಡ್ ಪಾರ್ಟಿ ಕ್ಲೇಮ್ ಆದರೆ ಅವನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಕೂಡ ಹೋಗಲ್ಲ, ಅದು ಸ್ವಂತ ಗಾಡಿ ಡ್ಯಾಮೇಜಿಗೆ ಮಾತ್ರ. ಇದು ಗೊತ್ತಿಲ್ಲದೆ ಎಷ್ಟು ಜನ ಸುಳ್ಳು ಹೇಳ್ತಾರೆ.

ಕಪ್ಪು ಕೋಟು
ವೃತ್ತಿಯಲ್ಲಿ ವಕೀಲೆ. ಬೆಂಚ್ ಕ್ಲರ್ಕ್ ಸರ್ ಹೇಳಿದ್ದು ಬಹುತೇಕ ಸರಿ. ಸ್ವಲ್ಪ ಸೇರಿಸ್ತೇನೆ.

'ಸೆಲ್ಫ್ ಫಾಲ್' ಅಂತ ಇದ್ದ ಮಾತ್ರಕ್ಕೆ ಕೇಸು ಸತ್ತಿಲ್ಲ. ಆದರೆ ಕಷ್ಟ. ಆಸ್ಪತ್ರೆಗೆ ಹೋಗಿ ಅದನ್ನು ತಿದ್ದಿಕೊಡಿ ಅಂತ ಮಾತ್ರ ಕೇಳಬೇಡಿ. ತಿದ್ದಿದ ದಾಖಲೆ ಇನ್ನೂ ಕೆಟ್ಟದು. ಅದರ ಬದಲು ಆ ಮಾತು ಹೇಳಿದ್ದು ಯಾರು ಅಂತ ಕಂಪ್ಲೇಂಟ್‌ನಲ್ಲೇ ಬರೆಯಿರಿ. 'ನನ್ನನ್ನು ಕರೆತಂದ ಕಾರಿನ ಚಾಲಕನೇ ವೈದ್ಯರಿಗೆ ಹೀಗೆ ಹೇಳಿದ್ದು' ಅಂತ ಒಂದು ಸಾಲು ಸಾಕು. ಅವನು ನಿಮ್ಮ ಹೆಂಡತಿಗೆ ಕಳಿಸಿದ ಹತ್ತು ಸಾವಿರ ಈಗ ನಿಮ್ಮ ದೊಡ್ಡ ಸಾಕ್ಷಿ. ಸುಮ್ಮನೆ ಬಿದ್ದವರಿಗೆ ಅಪರಿಚಿತ ಒಬ್ಬ ಅದೇ ದಿನ ಹತ್ತು ಸಾವಿರ ಯಾಕೆ ಹಾಕ್ತಾನೆ? ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಅದರಲ್ಲಿ ಅವನ ಹೆಸರೂ ಬರುತ್ತೆ. ವಾಟ್ಸ್ಆ್ಯಪ್ ಮೆಸೇಜ್, ಕಾಲ್ ಲಾಗ್ ಯಾವುದನ್ನೂ ಅಳಿಸಬೇಡಿ.

ಮೊದಲ ಕಟ್ಟು ಹಾಕಿದ ಕ್ಲಿನಿಕ್ ಅಂದಿರಿ. ಅಲ್ಲಿ ಚೀಟಿ ಕೊಟ್ಟಿದ್ದರಾ? ಅಲ್ಲಿ ಏನು ಬರೆದಿದ್ದಾರೆ? ಕಾಲದ ಲೆಕ್ಕದಲ್ಲಿ ಅದೇ ಮೊದಲ ಕಾಗದ, ಮೈಸೂರಿನದಲ್ಲ.

ಕಂಪ್ಲೇಂಟ್ ತಡ ಆಗಿದ್ದಕ್ಕೆ ಹೆದರಬೇಡಿ. ಎಫ್‌ಐಆರ್ ತಡ ಆಯಿತು ಅನ್ನೋ ಒಂದೇ ಕಾರಣಕ್ಕೆ ಪರಿಹಾರದ ಅರ್ಜಿಯನ್ನು ಅನುಮಾನಿಸಬಾರದು, ಮನುಷ್ಯ ಮೊದಲು ಚಿಕಿತ್ಸೆ ನೋಡ್ತಾನೆ, ಸ್ಟೇಷನ್‌ಗೆ ಓಡಲ್ಲ, ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ರವಿ–ಬದ್ರಿನಾರಾಯಣ ಕೇಸಿನಲ್ಲಿ ಹೇಳಿದೆ. ಆದರೆ ತಡಕ್ಕೆ ಕಾರಣ ಬರೆಯಲೇಬೇಕು. ನಿಮಗೆ ಕಾರಣ ಇದೆ, ಖರ್ಚು ಕೊಡ್ತೇನೆ ಅಂತ ನಂಬಿಸಿದ್ದ. ಇನ್ನೂ ತಡ ಮಾಡಿದರೆ ಕಾರಣ ಇರಲ್ಲ. ನಾಳೆಯೇ ಹೋಗಿ.

ಕೇಸು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 281 ಮತ್ತು 125(ಬಿ) ಅಡಿ ಆಗುತ್ತೆ. ಮೂಳೆ ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯವೇ. ಸ್ಟೇಷನ್‌ನಲ್ಲಿ ತಗೊಳ್ಳಲ್ಲ ಅಂದರೆ ಎಸ್‌ಪಿ ಅವರಿಗೆ ಅದೇ ಕಂಪ್ಲೇಂಟನ್ನು ರಿಜಿಸ್ಟರ್ಡ್ ಪೋಸ್ಟ್ ಮಾಡಿ, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173(4)ರಲ್ಲಿ ಆ ದಾರಿ ಇದೆ.

ಆರು ತಿಂಗಳ ಗಡುವಿನ ಬಗ್ಗೆ ಒಂದು ತಿದ್ದುಪಡಿ. ಗಡುವು ಮೀರಿತು ಅಂತ ಅರ್ಜಿ ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿದೆ. ಮಧ್ಯಂತರ ಅಷ್ಟೆ. ಅದನ್ನು ನಂಬಿ ಕೂರಬೇಡಿ, ಆರು ತಿಂಗಳ ಒಳಗೇ ಹಾಕಿ.

ಬೆಂಚ್ ಕ್ಲರ್ಕ್ (ನಿವೃತ್ತ)
ತಿದ್ದಿದ್ದಕ್ಕೆ ಥ್ಯಾಂಕ್ಸ್ ಮೇಡಂ. ನಾನು ರಿಟೈರ್ ಆದ ಮೇಲಿನ ಕಥೆ ಅದು.

ಬೆಂಗಳೂರಲ್ಲಿರೋ ಕೊಡಗಿನವ
ಸಿಸಿಟಿವಿ! ಆ ತಿರುವಿನ ಆಚೆ ಈಚೆ ಹೋಂಸ್ಟೇ ಗೇಟ್, ಪೆಟ್ರೋಲ್ ಬಂಕ್ ಏನಾದರೂ ಇದೆಯಾ ನೋಡಿ. ತುಂಬಾ ಕಡೆ ಹದಿನೈದು ದಿನ, ತಿಂಗಳಿಗೆ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತೆ. ನೀವು ಈಗಲೇ 23ನೇ ದಿನದಲ್ಲಿದ್ದೀರಿ. ಇವತ್ತು ಸಂಜೆನೇ ಯಾರನ್ನಾದರೂ ಕಳಿಸಿ.

ಸಂಪಾಜೆ ಇಳಿಜಾರು
ವೀಕೆಂಡ್ ಬಂತು ಅಂದರೆ ನಮ್ಮ ರಸ್ತೆ ನಮ್ಮದಲ್ಲ. ಶುಕ್ರವಾರ ರಾತ್ರಿ ಹತ್ತೋದು, ಭಾನುವಾರ ಇಳಿಯೋದು. ಕಾವೇರಿ ನಿಸರ್ಗಧಾಮದ ಹತ್ತಿರ ಗಾಡಿ ನಿಂತರೆ ರಸ್ತೆ ದಾಟೋಕೆ ಹತ್ತು ನಿಮಿಷ. ತಿರುವಿನಲ್ಲಿ ಹಾರನ್ ಹೊಡೆಯಬೇಕು ಅಂತ ಗೊತ್ತಿಲ್ಲ, ಏರೋ ಗಾಡಿಗೆ ದಾರಿ ಬಿಡಬೇಕು ಅಂತ ಗೊತ್ತಿಲ್ಲ. ಬಯಲು ಸೀಮೆ ಹೈವೇ ಅಂದುಕೊಂಡು ಓಡಿಸ್ತಾರೆ.

ಜೀಪ್ ಸ್ಟ್ಯಾಂಡ್
ಅವರು ಬಂದರೇನೇ ನಮಗೆ ಊಟ. ಅದನ್ನೂ ಹೇಳಿ.

ಸಂಪಾಜೆ ಇಳಿಜಾರು
ಬರಬೇಡಿ ಅಂತ ಯಾರು ಹೇಳಿದರು? ನಿಧಾನ ಬನ್ನಿ ಅಂದೆ. ಮಾಂದಲಪಟ್ಟಿಗೆ ನಿಮ್ಮ ಜೀಪ್‌ಗಳು ಹೋಗೋ ಸ್ಪೀಡ್ ಬಗ್ಗೆ ಬೇರೆ ಚರ್ಚೆ ಶುರು ಮಾಡೋಣ ಬೇಕಿದ್ದರೆ 😄

ಪೆಡಲ್ ಪೊನ್ನಂಪೇಟೆ
ನಾವು ನಾಲ್ಕು ಜನ ಭಾನುವಾರ ಸೈಕಲ್ ತುಳಿಯೋದು ಬಿಟ್ಟು ಬುಧವಾರ ಮಾಡಿಕೊಂಡಿದ್ದೇವೆ. ಆನೆಗಿಂತ ಕಾರಿಗೇ ಜಾಸ್ತಿ ಹೆದರಿಕೆ. ಆನೆ ಆದರೆ ಕಿವಿ ಆಡಿಸಿ ಮುಂಚೆ ಹೇಳುತ್ತೆ.

ಕಾರೆಕಾಡು
ಆನೆ ಹೇಳುತ್ತೆ ಅಂತ ಯಾರು ಹೇಳಿದರು ನಿಮಗೆ? ಸಿದ್ದಾಪುರ ಕಡೆ ಬಂದು ಒಂದು ವಾರ ಇರಿ.

ಕಕ್ಕಬ್ಬೆ ಜೇನು
ಟೈಲರ್ ಅಣ್ಣನ ವಿಷಯಕ್ಕೆ ವಾಪಸ್ ಬನ್ನಿ ಎಲ್ಲರೂ. ನನ್ನದೂ ಇಂಥದ್ದೇ ಕೇಸು ಇತ್ತು. ಸೈಕಲ್ ಅಲ್ಲ, ನಡೆದು ಹೋಗ್ತಾ ಇದ್ದೆ, ಹಿಂದಿನಿಂದ ಪಿಕಪ್ ಬಂದು ಮೊಣಕಾಲು ಹೋಯ್ತು. ನಾಲ್ಕು ವರ್ಷ ಹಿಡಿಯಿತು. ನಾನು ಮಾಡಿದ ತಪ್ಪು ಹೇಳ್ತೇನೆ.

ಔಷಧಿ ಬಿಲ್ ಇಟ್ಟುಕೊಂಡೆ, ಬೇರೆ ಏನೂ ಇಟ್ಟುಕೊಳ್ಳಲಿಲ್ಲ. ಮಡಿಕೇರಿಗೆ ಫಿಸಿಯೋಥೆರಪಿಗೆ ಆಟೋದಲ್ಲಿ ಹೋಗಿ ಬಂದಿದ್ದು ನಲವತ್ತಕ್ಕೂ ಜಾಸ್ತಿ ಸಲ. ಒಂದಕ್ಕೂ ಚೀಟಿ ಇಲ್ಲ. ಅಮ್ಮ ಮೂರು ತಿಂಗಳು ತೋಟದ ಕೆಲಸ ಬಿಟ್ಟು ನನ್ನ ಜೊತೆ ಇದ್ದರು, ಅದಕ್ಕೂ ಕೇಳಬಹುದು ಅಂತ ಗೊತ್ತೇ ಇರಲಿಲ್ಲ. ನೋಡಿಕೊಳ್ಳೋರ ಖರ್ಚು, ಓಡಾಟ, ವಿಶೇಷ ಆಹಾರ, ನೋವು, ಮುಂದಿನ ಚಿಕಿತ್ಸೆ, ಎಲ್ಲ ಬೇರೆ ಬೇರೆ ತಲೆಬರಹದಲ್ಲಿ ಕೇಳ್ತಾರೆ. ನಿಮ್ಮ ಪ್ಲೇಟ್ ಮುಂದೆ ತೆಗೆಸಬೇಕಾದರೆ ಅದರ ಅಂದಾಜು ಖರ್ಚನ್ನು ಡಾಕ್ಟರ್ ಹತ್ತಿರ ಈಗಲೇ ಬರೆಸಿಕೊಳ್ಳಿ.

ಇನ್ನೊಂದು. ಆಸ್ಪತ್ರೆ ಬಾಗಿಲಲ್ಲೇ ನನಗೆ ಒಬ್ಬ 'ನಿಮ್ಮ ಕೇಸು ನಾನು ಮಾಡಿಸ್ತೇನೆ' ಅಂತ ಖಾಲಿ ಕಾಗದಕ್ಕೆ ಸೈನ್ ಕೇಳಿದ. ಹಾಕಬೇಡಿ. ಇನ್ಶೂರೆನ್ಸ್ ಕಡೆಯವರು ಮನೆಗೆ ಬಂದರೂ ವಕೀಲರಿಗೆ ತೋರಿಸದೆ ಏನಕ್ಕೂ ಸೈನ್ ಬೇಡ.

ಟೈಲರ್ ಅಂಗಡಿ
ಅಕ್ಕ, ನನಗೆ ಸಂಬಳದ ಚೀಟಿ ಇಲ್ಲ, ಆದಾಯ ತೆರಿಗೆ ಕಾಗದ ಇಲ್ಲ. ಬ್ಲೌಸ್ ಒಂದಕ್ಕೆ ಇಷ್ಟು, ಯೂನಿಫಾರಂ ಒಂದು ಜೊತೆಗೆ ಇಷ್ಟು ಅಂತ. ಜೂನ್‌ನಲ್ಲಿ ಜಾಸ್ತಿ, ಆಗಸ್ಟ್‌ನಲ್ಲಿ ಏನೂ ಇಲ್ಲ. ಆದಾಯ ಏನು ಅಂತ ತೋರಿಸಲಿ?

ಬೆಂಚ್ ಕ್ಲರ್ಕ್ (ನಿವೃತ್ತ)
ಅಳತೆ ಪುಸ್ತಕ ಇದೆ ತಾನೇ? ಗಿರಾಕಿ ಹೆಸರು, ಅಳತೆ, ಅಡ್ವಾನ್ಸ್, ಬಟ್ಟೆಯ ತುಂಡು ಪಿನ್ ಮಾಡಿರೋದು. ಅದೇ ನಿಮ್ಮ ಸಂಬಳದ ಚೀಟಿ. ಎರಡು ಮೂರು ವರ್ಷದ್ದು ಇದ್ದರೆ ಎಲ್ಲ ಎತ್ತಿಡಿ. ಅಂಗಡಿ ಬಾಡಿಗೆ ರಸೀದಿ, ಕರೆಂಟ್ ಬಿಲ್, ಪಂಚಾಯಿತಿ ಲೈಸೆನ್ಸ್ ಕೂಡ. ಏನೂ ಇಲ್ಲದಿದ್ದರೂ ಕೋರ್ಟು ಒಂದು ಅಂದಾಜು ಆದಾಯ ಹಿಡಿಯುತ್ತೆ. ಅಪಘಾತ ಆದ ವರ್ಷಕ್ಕೆ ತಕ್ಕ ಹಾಗೆ ಇಷ್ಟು ಅಂತ ಲೋಕ್ ಅದಾಲತ್‌ಗೆ ಮಾಡಿದ ಪಟ್ಟಿ ಇದೆ, ನಮ್ಮ ಹೈಕೋರ್ಟೂ ಅದನ್ನೇ ನೋಡುತ್ತೆ.

ಲೆಕ್ಕ ಹೇಗೆ ಅಂದರೆ, ನಿಮ್ಮ ವಯಸ್ಸು?

ಟೈಲರ್ ಅಂಗಡಿ
44.

ಬೆಂಚ್ ಕ್ಲರ್ಕ್ (ನಿವೃತ್ತ)
41ರಿಂದ 45ಕ್ಕೆ ಗುಣಕ 14. ಇದು ಸುಪ್ರೀಂ ಕೋರ್ಟಿನ ಸರಳಾ ವರ್ಮಾ ಕೇಸಿನ ಪಟ್ಟಿ, 2009ರದ್ದು. ಉದಾಹರಣೆಗೆ ತಿಂಗಳಿಗೆ 15,000 ಅಂತ ಹಿಡಿದರು ಅನ್ನಿ. ವರ್ಷಕ್ಕೆ 1,80,000. ಅದನ್ನು 14ರಿಂದ ಗುಣಿಸಿದರೆ 25,20,000. ಇಡೀ ದೇಹಕ್ಕೆ ಶಾಶ್ವತ ಊನ ಹತ್ತು ಪರ್ಸೆಂಟ್ ಅಂದರೆ 2,52,000. ಇದು ಮುಂದಿನ ದುಡಿಮೆ ನಷ್ಟಕ್ಕೆ ಮಾತ್ರ. ಆಸ್ಪತ್ರೆ ಬಿಲ್, ನೋವು, ಕೆಲಸ ಇಲ್ಲದೆ ಕೂತ ತಿಂಗಳುಗಳು ಇದರ ಮೇಲೆ ಬೇರೆ. ಜೊತೆಗೆ ಬಡ್ಡಿ.

ಕರಿಮೆಣಸು ಬಳ್ಳಿ
ಹಾಗಾದರೆ ಡಾಕ್ಟರ್ ಮೂವತ್ತು ಪರ್ಸೆಂಟ್ ಅಂತ ಬರೆದುಕೊಟ್ಟರೆ ಏಳೂವರೆ ಲಕ್ಷ?

ಕಪ್ಪು ಕೋಟು
ಅಲ್ಲ. ಎಲ್ಲರೂ ಎಡವೋದು ಇಲ್ಲೇ. ಡಾಕ್ಟರ್ ಬರೆಯೋದು ಸಾಮಾನ್ಯವಾಗಿ ಆ ಕೈಯ ಊನ. ಕೈಗೆ ಮೂವತ್ತು ಅಂದರೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಸುಮಾರು ಹತ್ತು, ಅಂತ ನಮ್ಮ ಕೋರ್ಟುಗಳು ಹಿಡಿಯೋದು ರೂಢಿ.

ಆದರೆ ಅಲ್ಲಿಗೂ ಮುಗಿಯಲ್ಲ. ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್–ಅಜಯ್ ಕುಮಾರ್ ತೀರ್ಪು ನೋಡಿ. ದೇಹದ ಊನ ಎಷ್ಟು ಅನ್ನೋದಕ್ಕಿಂತ, ಆ ಊನದಿಂದ ಈ ಮನುಷ್ಯನ ಈ ಕೆಲಸಕ್ಕೆ ಎಷ್ಟು ಪೆಟ್ಟು ಅನ್ನೋದನ್ನು ನೋಡಬೇಕು ಅಂತ ಅದು ಹೇಳುತ್ತೆ. ಬ್ಯಾಂಕಿನಲ್ಲಿ ಕೂತು ಸಹಿ ಹಾಕುವವರ ಮಣಿಕಟ್ಟು ಬೇರೆ, ಟೈಲರ್ ಮಣಿಕಟ್ಟು ಬೇರೆ. ಹಾಗಾಗಿ ಟೈಲರ್ ಸರ್, ಈಗ ನಿಮ್ಮ ಕೈಯಲ್ಲಿ ಏನು ಆಗ್ತಾ ಇಲ್ಲ ಅಂತ ಹೇಳಿ ನೋಡೋಣ. 'ನೋವಿದೆ' ಅಂತ ಬೇಡ. ಕೆಲಸದ ಭಾಷೆಯಲ್ಲಿ ಹೇಳಿ.

ಟೈಲರ್ ಅಂಗಡಿ
ಕತ್ತರಿ ಹಿಡಿಯೋಕೆ ಆಗಲ್ಲ ಮೇಡಂ. ನಮ್ಮದು ಹತ್ತು ಇಂಚಿನ ಕಬ್ಬಿಣದ ಕತ್ತರಿ, ಹೆಬ್ಬೆರಳು ಹಾಕಿ ಬಾಯಿ ಬಿಡಿಸಿದರೆ ಮಣಿಕಟ್ಟು ಒಳಗೆ ಎಳೆಯುತ್ತೆ. ಸೂಜಿಗೆ ದಾರ ಹೆಂಡತಿ ಪೋಣಿಸಿ ಕೊಡ್ತಾಳೆ. ಮೆಷಿನ್ ಕಾಲಲ್ಲಿ ತುಳಿಯಬಹುದು, ಆದರೆ ಬಟ್ಟೆ ತಿರುಗಿಸೋದು ಬಲಗೈ ಅಲ್ವಾ. ತೋಳು ಜೋಡಿಸುವಾಗ ಗುಂಡಗೆ ತಿರುಗಿಸಬೇಕು, ಅಲ್ಲಿ ಕೈ ನಿಲ್ಲಲ್ಲ, ಹೊಲಿಗೆ ಅಂಕುಡೊಂಕು. ಮೊನ್ನೆ ಒಂದು ಅಂಗಿ ತೋಳು ಮೂರು ಸಲ ಬಿಚ್ಚಿದೆ. ಇಸ್ತ್ರಿ ಪೆಟ್ಟಿಗೆ ಎತ್ತೋಕೂ ಆಗಲ್ಲ.

ಕಪ್ಪು ಕೋಟು
ಇದನ್ನೇ ಒಂದು ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಡಿ. ಊನದ ಸರ್ಟಿಫಿಕೇಟ್ ಕೊಡೋ ಮೂಳೆ ಡಾಕ್ಟರ್‌ಗೂ ಇದೇ ಮಾತು ಹೇಳಿ. ಅವರು ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕಾಗುತ್ತೆ, ಬರೀ ಸರ್ಟಿಫಿಕೇಟ್ ಸಾಲದು. ಆಪರೇಷನ್ ಮಾಡಿದ ಡಾಕ್ಟರೇ ಆದರೆ ಒಳ್ಳೆಯದು. ಹೊರಗಿನವರ ಹತ್ತಿರ ಜಾಸ್ತಿ ಪರ್ಸೆಂಟ್ ಬರೆಸಿಕೊಂಡು ಬಂದರೆ ಜಡ್ಜ್ ನೋಡಿದ ತಕ್ಷಣ ಗೊತ್ತಾಗುತ್ತೆ.

ಬೆಂಗಳೂರಲ್ಲಿರೋ ಕೊಡಗಿನವ
ತಪ್ಪು ಯಾರದ್ದು ಅಂತ ಸಾಬೀತು ಮಾಡದೇನೇ ಎರಡೂವರೆ ಲಕ್ಷ ಸಿಗುತ್ತೆ ಅಂತ ಎಲ್ಲೋ ಓದಿದ್ದೆ?

ಕಪ್ಪು ಕೋಟು
ಸೆಕ್ಷನ್ 164. ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಚಾಲಕನ ತಪ್ಪು ತೋರಿಸಬೇಕಿಲ್ಲ. ಆದರೆ ಕಾರು ತಾಗಿ ಆದ ಗಾಯ ಅಂತ ಅಲ್ಲೂ ತೋರಿಸಲೇಬೇಕು, 'ಸೆಲ್ಫ್ ಫಾಲ್' ಅಲ್ಲೂ ಅಡ್ಡ ಬರುತ್ತೆ. ಇವರ ಕೈಗೆ 166 ಲೆಕ್ಕ ಹಾಕಿದರೆ ಜಾಸ್ತಿ ಬರಬಹುದು. ಯಾವುದು ಅಂತ ಫೈಲು ನೋಡಿದ ವಕೀಲರು ತೀರ್ಮಾನ ಮಾಡಲಿ.

ಗೋಣಿಕೊಪ್ಪ ಸಂತೆ
ನನ್ನ ತಮ್ಮನಿಗೆ ಗುದ್ದಿದ ಗಾಡಿ ಯಾವುದು ಅಂತ ಇವತ್ತಿಗೂ ಗೊತ್ತಿಲ್ಲ. ರಾತ್ರಿ, ಸೈಕಲ್, ಕಾಲು ಮುರಿಯಿತು. ಅದಕ್ಕೆ ಬೇರೆ ದಾರಿ ಇದೆ ಅಂತ ಲೇಟಾಗಿ ಗೊತ್ತಾಯ್ತು, ಹಿಟ್ ಅಂಡ್ ರನ್ ಸ್ಕೀಮು. ತೀವ್ರ ಗಾಯಕ್ಕೆ 50,000, ಸತ್ತರೆ 2 ಲಕ್ಷ. ಕೋರ್ಟಿಗಲ್ಲ, ಕಂದಾಯ ಇಲಾಖೆ ಕಡೆ ಅರ್ಜಿ ಹಾಕೋದು. ಐವತ್ತು ಸಾವಿರದಲ್ಲಿ ಏನಾಗುತ್ತೆ ಅಂತ ಕೇಳಬೇಡಿ. ಟೈಲರ್ ಅಣ್ಣ, ನಂಬರ್ ಬರೆದುಕೊಂಡ ಕಂಡಕ್ಟರ್ ನಿಮ್ಮ ಪಾಲಿಗೆ ದೇವರು.

ಸಂಪಾಜೆ ಇಳಿಜಾರು
ಅಪಘಾತ ಆದವರಿಗೆ ಏಳು ದಿನದ ತನಕ ಒಂದೂವರೆ ಲಕ್ಷದ ಕ್ಯಾಶ್‌ಲೆಸ್ ಚಿಕಿತ್ಸೆ ಅಂತ 2025ರಲ್ಲಿ ಕೇಂದ್ರದವರು ತಂದರಲ್ಲ, ಅದು ಇವರಿಗೆ ಯಾಕೆ ಸಿಗಲಿಲ್ಲ?

ಬೆಂಚ್ ಕ್ಲರ್ಕ್ (ನಿವೃತ್ತ)
ಯಾಕೆ ಅಂದರೆ ಕಾಗದದ ಪ್ರಕಾರ ಇವರಿಗೆ ಅಪಘಾತವೇ ಆಗಿಲ್ಲ. ಸೈಕಲ್‌ನಿಂದ ತಾವೇ ಬಿದ್ದಿದ್ದಾರೆ. ಪೊಲೀಸರಿಗೆ ಸುದ್ದಿನೇ ಹೋಗಿಲ್ಲ. ಒಂದು ಸಾಲು ಎಲ್ಲೆಲ್ಲಿ ಹೊಡೆಯುತ್ತೆ ನೋಡಿ.

ಹಳೇ ಕಾಫಿ ಗಿಡ
ವಕೀಲರ ಫೀಸು? ನನ್ನ ಭಾವನಿಗೆ ಬಂದಿದ್ದರಲ್ಲಿ ಕಾಲು ಭಾಗ ಅಲ್ಲೇ ಹೋಯ್ತು. ಅದನ್ನೂ ಹೇಳಿ ಮೇಡಂ, ಬರೀ ಸೆಕ್ಷನ್ ಹೇಳಬೇಡಿ.

ಕಪ್ಪು ಕೋಟು
ಹೇಳ್ತೇನೆ ಸರ್, ಬೇಜಾರಿಲ್ಲ. ಪರ್ಸೆಂಟ್ ಲೆಕ್ಕದಲ್ಲಿ ಫೀಸು ಕೇಳೋದು ವಕೀಲರ ನಿಯಮಕ್ಕೇ ವಿರುದ್ಧ. ಆದರೂ ನಡೀತಿದೆ, ಇಲ್ಲ ಅನ್ನಲ್ಲ. ಮೊದಲೇ ಮೊತ್ತ ಮಾತಾಡಿಕೊಳ್ಳಿ. ಕೊಡೋಕೆ ಆಗದಿದ್ದರೆ ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಕಡಿಮೆ ಆದಾಯದವರಿಗೆ ಉಚಿತವಾಗಿ ವಕೀಲರನ್ನು ಕೊಡ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳ್ತಾರೆ. ಬೇಗ ಮುಗೀಬೇಕು ಅಂದರೆ ಲೋಕ್ ಅದಾಲತ್‌ನಲ್ಲಿ ರಾಜಿ ಮಾಡಬಹುದು. ಮೊತ್ತ ಸ್ವಲ್ಪ ಕಡಿಮೆ ಆಗುತ್ತೆ, ಆಮೇಲೆ ಅಪೀಲೂ ಇಲ್ಲ. ಫೋನ್‌ನಲ್ಲಿ ದೊಡ್ಡವರ ಕೈಲಿ ಮಾತಾಡಿಸಿ ಮುಗಿಸೋದಕ್ಕಿಂತ ಇದು ವಾಸಿ, ಅಲ್ವಾ ಸರ್?

ಹಳೇ ಕಾಫಿ ಗಿಡ
ಒಪ್ಪಿದೆ ತಾಯಿ.

ಟೈಲರ್ ಅಂಗಡಿ
ನಾಲ್ಕು ದಿನ ಇಲ್ಲಿ ಬರೋಕೆ ಆಗಲಿಲ್ಲ. ಸುದ್ದಿ ಹೇಳ್ತೇನೆ.

ಕ್ಲಿನಿಕ್ ಚೀಟಿ ಸಿಕ್ಕಿತು! ಹೆಂಡತಿ ಅವತ್ತು ತಂದಿದ್ದ ಬುತ್ತಿ ಚೀಲದಲ್ಲೇ ಇತ್ತು, ಡಬ್ಬಿ ಕೆಳಗೆ ಒದ್ದೆಯಾಗಿ ಮಡಚಿಕೊಂಡಿತ್ತು. 'ಆರ್‌ಟಿಎ, ಹಿಟ್ ಬೈ ಕಾರ್' (ರಸ್ತೆ ಅಪಘಾತ, ಕಾರು ಗುದ್ದಿದ್ದು) ಅಂತ ಬರೆದಿದೆ, ಟೈಮ್ 8.50. ಅಲ್ಲಿ ಡಾಕ್ಟರ್ ಕೇಳಿದಾಗ ನಾನೇ ಹೇಳಿದ್ದೆ ಅಂತ ಈಗ ನೆನಪಾಯ್ತು. ಅವರ ರಿಜಿಸ್ಟರ್‌ನಲ್ಲೂ ಹಾಗೇ ಇದೆಯಂತೆ.

ಅದನ್ನೂ ಟಿಕೆಟ್‌ನ್ನೂ ಬ್ಯಾಂಕ್ ಕಾಗದವನ್ನೂ ತಗೊಂಡು ಸ್ಟೇಷನ್‌ಗೆ ಹೋದೆ. ಮೊದಲು 'ಇಷ್ಟು ದಿನ ಏನು ಮಾಡ್ತಿದ್ದೆ' ಅಂದರು. ಮೇಡಂ ಹೇಳಿದ ಹಾಗೆ ಕಾರಣ ಬರೆದಿದ್ದೆ, ಓದಿದರು. ಎಫ್‌ಐಆರ್ ಆಯ್ತು, ಕಾಪಿ ಕೊಟ್ಟರು. ಕಂಡಕ್ಟರ್ ಸಾಕ್ಷಿ ಹೇಳ್ತೇನೆ ಅಂದಿದ್ದಾರೆ. ಸಿಸಿಟಿವಿ ಒಂದು ಕಡೆ ಅಳಿಸಿ ಹೋಗಿದೆ, ಇನ್ನೊಂದು ಹೋಂಸ್ಟೇಯವರು ಹುಡುಕ್ತೇವೆ ಅಂದಿದ್ದಾರೆ. ಇನ್ಶೂರೆನ್ಸ್ ಚಾಲ್ತಿಯಲ್ಲಿದೆ.

ನಿನ್ನೆ ಸಂಜೆ ಆ ಹುಡುಗನೇ ಫೋನ್ ಮಾಡಿದ. 'ಅಣ್ಣ ಕೇಸು ಯಾಕೆ ಹಾಕಿದ್ರಿ' ಅಂತ. ನಾನು ಏನೂ ಮಾತಾಡಲಿಲ್ಲ, ವಕೀಲರ ಹತ್ತಿರ ಮಾತಾಡಿ ಅಂದೆ. ಕೈ ನಡುಗ್ತಾ ಇತ್ತು, ಮುರಿದಿದ್ದಲ್ಲ, ಇನ್ನೊಂದು.

ಕಕ್ಕಬ್ಬೆ ಜೇನು
ಅಣ್ಣ 👏👏 ಬುತ್ತಿ ಚೀಲಕ್ಕೆ ಪೂಜೆ ಮಾಡಿ.

ಬೆಂಚ್ ಕ್ಲರ್ಕ್ (ನಿವೃತ್ತ)
ಚೀಟಿಯನ್ನು ಲ್ಯಾಮಿನೇಟ್ ಮಾಡಿಸಬೇಡಿ, ಹಾಗೇ ಕವರ್‌ನಲ್ಲಿ ಇಡಿ. ಕ್ಲಿನಿಕ್ ರಿಜಿಸ್ಟರ್ ಬೇಕು ಅಂತ ವಕೀಲರಿಗೆ ಮೊದಲೇ ಹೇಳಿ. ಪೊಲೀಸರು ಟ್ರಿಬ್ಯುನಲ್‌ಗೆ ಅಪಘಾತದ ವಿವರವಾದ ವರದಿ 90 ದಿನದಲ್ಲಿ ಕೊಡಬೇಕು, ಅದನ್ನೂ ವಿಚಾರಿಸ್ತಾ ಇರಿ. ಸ್ಥಳ ಮಹಜರು ಆಯ್ತಾ?

ಟೈಲರ್ ಅಂಗಡಿ
ನಾಳೆ ಬರ್ತಾರಂತೆ. ಸೈಕಲ್ ಎಲ್ಲಿದೆ ಅಂತಲೂ ಕೇಳಿದರು. ಅಂದ ಹಾಗೆ ಮುಂದಿನ ಚಕ್ರ ಎಂಟಾಗಿದೆ, ಫೋರ್ಕ್ ಬಾಗಿದೆ. ಮೊನ್ನೆ ಭಾವಮೈದ ಸೈಕಲ್ ಶಾಪ್‌ಗೆ ಕೊಟ್ಟು ಬಂದಿದ್ದಾನೆ. ಹಳೇ 22 ಇಂಚಿನ ಅಟ್ಲಾಸ್‌ಗೆ ಫೋರ್ಕ್ ಈಗ ಸಿಗುತ್ತಾ ಯಾರಿಗಾದರೂ ಗೊತ್ತಾ?

ಪೆಡಲ್ ಪೊನ್ನಂಪೇಟೆ
ಫೋರ್ಕ್ ನಾನು ಹುಡುಕಿ ಕೊಡ್ತೇನೆ. ಆದರೆ ರಿಪೇರಿಗೆ ಯಾಕೆ ಕೊಟ್ಟಿರಿ???

ಕಪ್ಪು ಕೋಟು
ಟೈಲರ್ ಸರ್, ಶಾಪಿಗೆ ಈಗಲೇ ಫೋನ್ ಮಾಡಿ! ಒಂದು ಬೋಲ್ಟ್ ಕೂಡ ಬಿಚ್ಚೋದು ಬೇಡ. ಬಡಿದ ಗುರುತು ಇರೋದೇ ಆ ಹ್ಯಾಂಡಲ್ ಮೇಲೆ.

ಟೈಲರ್ ಅಂಗಡಿ
ಮಾಡಿದೆ. ಚಕ್ರ ಬಿಚ್ಚಿದ್ದಾರಂತೆ, ಹ್ಯಾಂಡಲ್ ಮುಟ್ಟಿಲ್ಲವಂತೆ. ಭಾವಮೈದ ತರೋಕೆ ಹೊರಟ.